ಹನ್ನೊಂದನೆಯ ಸ್ಪೂಲು ಓಗೊಟ್ಟ ದಿನ

ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಟೇಪು ಸ್ಪೂಲುಗಳು ನನ್ನ ಮೇಜಿಗೆ ಬಂದಾಗ ನಾನು ಮೊದಲು ಮಾಡಿದ್ದು, ಒಂದನ್ನು ಎತ್ತಿ ಮೂಸಿದ್ದು. ಮಕ್ಕಳ ಕ್ರೇಯಾನ್ ಡಬ್ಬಿಯ ವಾಸನೆ ಬಂತು. ಹಾಗೆ ಬಂದರೆ ಟೇಪಿನ ಅಂಟು ತೇವ ಕುಡಿದು ಕೆಟ್ಟಿದೆ ಎಂದರ್ಥ. ಅಂಥದನ್ನು ಯಂತ್ರಕ್ಕೆ ಹಾಕಿದರೆ ಕಿರುಗುಟ್ಟುತ್ತದೆ, ಕಂದು ಪುಡಿ ಉದುರುತ್ತದೆ, ಪುಡಿಯ ಜೊತೆಗೆ ಮಾತೂ ಉದುರಿಹೋಗುತ್ತದೆ.

ಅಮೆರಿಕದ ಹೇವರ್ಡ್ ಊರಿನ ಗೋದಾಮುಗಳ ಸಾಲಿನಲ್ಲಿ ನಮ್ಮದು ಎರಡು ಕೋಣೆಯ ಅಂಗಡಿ. ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವುದು ಕಸುಬು. ಮಾಲೀಕ ಒಬ್ಬ ವಯಸ್ಸಾದ ಅಮೆರಿಕನ್, ಕೆಲಸಕ್ಕೆ ನಾನೊಬ್ಬಳು. ಪಕ್ಕದಲ್ಲಿ ಟೈಲ್ಸ್ ಗೋದಾಮು, ಅದರ ಬಾಗಿಲಲ್ಲಿ ಸರಪಳಿ ಹಾಕಿದ ಒಂದು ನಾಯಿ. ನಾಯಿ ಯಾರು ಬಂದರೂ ಬೊಗಳುತ್ತಿರಲಿಲ್ಲ. ಅದನ್ನು ಸಾಕಿ ಏನು ಪ್ರಯೋಜನವೋ ಎಂದು ನಾವಿಬ್ಬರೂ ಗೇಲಿ ಮಾಡುತ್ತಿದ್ದೆವು.

ಸ್ಪೂಲುಗಳನ್ನು ಕಳಿಸಿದ್ದು ಅಲ್ಲೇ ಹತ್ತಿರದ ಮೆನ್ಲೋ ಪಾರ್ಕ್‌ನ ಒಂದು ಹೊಸ ಕಂಪೆನಿ. ಭೂಮಿಯ ಮೂಲೆಮೂಲೆಯ ಜನರ ದನಿಯನ್ನು ಇಂಟರ್ನೆಟ್ಟಿಗೆ ಹಾಕುತ್ತೇವೆ ಎಂದು ಹೊರಟವರು. ಡಾಟ್‌ಕಾಂ ಭರಾಟೆಯ ಕಾಲವದು. ನಾಯಿಯ ಊಟಕ್ಕೊಂದು, ಮದುವೆಯ ಹೂವಿಗೊಂದು ವೆಬ್‌ಸೈಟ್ ಇರುವಾಗ ದನಿಗೊಂದು ಇರಬಾರದೇಕೆ? ಟೇಪುಗಳಲ್ಲಿದ್ದವರು ಡುಮಾಗಟ್ ಎಂಬ ಬುಡಕಟ್ಟಿನವರು. ಫಿಲಿಪೀನ್ಸ್‌ನ ಲುಝಾನ್ ದ್ವೀಪದ ಪೂರ್ವಕ್ಕೆ, ಬೆಟ್ಟದ ಕಾಡು ಸಮುದ್ರಕ್ಕೆ ಇಳಿಯುವ ಕಡೆ ಇರುವ ಜನ. ಎಪ್ಪತ್ತರ ದಶಕದ ಕೊನೆಯಲ್ಲಿ ಒಬ್ಬ ಅಮೆರಿಕನ್ ಸಂಶೋಧಕ ಅವರ ಜೊತೆ ಇದ್ದು ಧ್ವನಿಮುದ್ರಿಸಿಕೊಂಡಿದ್ದ. ಆತ ತೀರಿಕೊಂಡ ಮೇಲೆ ಮನೆಯವರು ಟೇಪುಗಳನ್ನೂ ಅವನ ನೋಟ್‌ಬುಕ್ಕುಗಳನ್ನೂ ಕಂಪೆನಿಗೆ ಕೊಟ್ಟಿದ್ದರು.

ಏಳು ವಾರದಲ್ಲಿ ವೆಬ್‌ಸೈಟ್ ತೆರೆಯಬೇಕಿತ್ತು. ಕಂಪೆನಿಯ ಮ್ಯಾನೇಜರು ನಮ್ಮವರೇ, ಬೆಂಗಳೂರಿನವರು. ಮೊದಲ ಫೋನಿನಲ್ಲೇ ನನ್ನ ಕನ್ನಡ ಕೇಳಿ, "ಅಯ್ಯೋ ಹಾಸನದವ್ರಾ! ಹಾಗಾದ್ರೆ ನನ್ ಕೆಲ್ಸ ಲೇಟ್ ಆಗಲ್ಲ ಬಿಡಿ," ಎಂದು ನಕ್ಕರು. ಹಾಸನಕ್ಕೂ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ.

ಕೆಟ್ಟ ಟೇಪಿಗೆ ಮದ್ದೆಂದರೆ ಶಾಖ. ಹಣ್ಣು ಒಣಗಿಸುವ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಐವತ್ತನಾಲ್ಕು ಡಿಗ್ರಿಯಲ್ಲಿ ಎಂಟು ಗಂಟೆ ಇಟ್ಟು, ನಡುನಡುವೆ ತಿರುವಿಹಾಕಿ, ಮತ್ತೆ ಅಷ್ಟೇ ಹೊತ್ತು ಆರಲು ಬಿಡಬೇಕು. ಹಪ್ಪಳ ಒಣಗಿಸಿದ ಕೈಗೆ ಇದೇನು ದೊಡ್ಡದಲ್ಲ. ಹಾಗೆ ಒಣಗಿಸಿದ ಟೇಪು ಕೆಲವೇ ವಾರ ಚೆನ್ನಾಗಿ ಓಡುತ್ತದೆ. ಅಷ್ಟರಲ್ಲಿ ಇಳಿಸಿಕೊಳ್ಳದಿದ್ದರೆ ಮತ್ತೆ ಅಂಟಾಗುತ್ತದೆ.

ನನಗೊಂದು ಅಭ್ಯಾಸ ಇತ್ತು, ಅಭ್ಯಾಸ ಅನ್ನುವುದಕ್ಕಿಂತ ಹಟ. ಹೆಸರಿಲ್ಲದ ದನಿಯನ್ನು ನಾನು ಕಪಾಟಿನಲ್ಲಿ ಇಡುವುದಿಲ್ಲ. ಊರಿನಲ್ಲಿ ರೇಡಿಯೋ ನಿಲಯದಲ್ಲಿ ಕೆಲಸ ಕಲಿಯುವಾಗ, ಯಾರೆಂದೇ ತಿಳಿಯದ ಜನಪದ ಹಾಡುಗಾರ್ತಿಯರ ಟೇಪುಗಳನ್ನು ರಾಶಿ ರಾಶಿ ನೋಡಿ ಹೊಟ್ಟೆ ಉರಿದುಹೋಗಿತ್ತು. ಅಂದಿನಿಂದ, ಟೇಪು ಓಡಿಸುವ ಮುಂಚೆ ನಾನೇ ಮೈಕಿನಲ್ಲಿ ಗಟ್ಟಿಯಾಗಿ ಹೇಳಿ ದಾಖಲಿಸುತ್ತಿದ್ದೆ: ಸ್ಪೂಲಿನ ನಂಬರು, ಸ್ಥಳ, ಕೊನೆಗೆ ಮಾತಾಡುವವರ ಹೆಸರು. ಅದು ಮುಗಿದ ಕೂಡಲೇ ಯಂತ್ರದ ಗುಂಡಿ ಒತ್ತುವುದು. ಹೆಸರು ಹೇಳುವುದು ಆ ಮನುಷ್ಯರಿಗೆ ಸಲ್ಲಿಸುವ ಮರ್ಯಾದೆ ಎಂದೇ ನಂಬಿದ್ದೆ.

ಟೇಪಿನ ಮಾತು ತಿಳಿಯಲು ಕಂಪೆನಿ ಒಬ್ಬ ದುಭಾಷಿಯನ್ನು ಹುಡುಕಿತ್ತು. ಅಲ್ಲೇ ಹೇವರ್ಡ್‌ನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಡುಮಾಗಟ್ಟರಲ್ಲೇ ಹುಟ್ಟಿ, ಮಿಷನ್ ಶಾಲೆಯಲ್ಲಿ ಓದಿ, ಅಲ್ಲಿನ ಬಯಲಿನವನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ನನಗಿಂತ ಐದಾರು ವರ್ಷ ದೊಡ್ಡವರು. ಗುಂಗುರು ಕೂದಲು, ಗಿಡ್ಡ ಮೈಕಟ್ಟು, ನಕ್ಕರೆ ಇಡೀ ಮುಖ ನಗುತ್ತಿತ್ತು. ಮುಂಜಾನೆಯ ಪಾಳಿ ಮುಗಿಸಿ ಹನ್ನೊಂದಕ್ಕೆ ಬರುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಆದರೆ ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಉಳಿದಿದೆ.

ಮೊದಲ ಹತ್ತು ಸ್ಪೂಲು ಸಲೀಸಾಗಿ ಹೋದವು. ಹೊಳೆಯಲ್ಲಿ ಮುಳುಗಿ ಮೀನಿಗೆ ಚುಚ್ಚುವುದು ಹೇಗೆ, ಕಾಡುಗೆಣಸು ಅಗೆಯುವಾಗ ಬಳ್ಳಿಯ ತಲೆ ಉಳಿಸಿ ಮತ್ತೆ ಹೂಳುವುದೇಕೆ, ಹೆಜ್ಜೇನು ಎಲ್ಲಿದೆ ಎಂದು ಹೊಳೆಯ ಮರಳಲ್ಲಿ ನೀರು ಕುಡಿಯುವ ಹುಳ ನೋಡಿ ತಿಳಿಯುವುದು ಹೇಗೆ. ತಾಳೆಗರಿ ಹೆಣೆದು ಗಾಳಿಗೆ ಬೆನ್ನು ಕೊಟ್ಟು ನಿಲ್ಲಿಸುವ ಒಪ್ಪಾರದ ಮಾಡೇ ಅವರ ಮನೆ. ಸಂಶೋಧಕ ತನ್ನ ಮಾಡನ್ನು ಗಾಳಿಗೆ ಎದುರಾಗಿ ಕಟ್ಟಿಕೊಂಡು ಪುಸ್ತಕ ಸಮೇತ ತೊಯ್ದದ್ದನ್ನು ಟೇಪಿನಲ್ಲಿ ಒಬ್ಬಾಕೆ ಹೇಳುವಾಗ ದುಭಾಷಿ ಕಣ್ಣೀರು ಬರುವಷ್ಟು ನಕ್ಕರು. ಒಂದು ಕಡೆ ಕಟಕ್ ಎಂಬ ಸದ್ದು, ಅದರ ಹಿಂದೆ ಏನೋ ಕೆರೆದ ಸದ್ದು ಕೇಳಿಸಿತು. "ಯಾರೋ ಎಲೆ ಅಡಿಕೆ ಹಾಕೊಳ್ತಿದಾರೆ, ಈಗ ಸುಣ್ಣ ಹಚ್ತಿದಾರೆ," ಎಂದೆ. ಅವರು ಬೆರಗಾಗಿ ನನ್ನ ತೋಳಿಗೊಂದು ಹೊಡೆದರು. "ನಿಮ್ ಕಡೇನೂ ಹಾಕ್ತಾರಾ? ಮೊದ್ಲೇ ಹೇಳ್ಬಾರ್ದಾ!"

ನಗು ಮಾತ್ರವೇ ಇರಲಿಲ್ಲ. ಮರ ಕಡಿಯುವ ಕಂಪೆನಿಯ ಲಾರಿ ರಸ್ತೆ ಬಂದ ಮೇಲೆ ಹಂದಿ, ಜಿಂಕೆ ಬೆಟ್ಟ ಹತ್ತಿಹೋದದ್ದು, ಬಯಲಿನವರು ಬಂದು ಬೇಲಿ ಹಾಕಿ ಹೊಳೆದಂಡೆ ತಮ್ಮದೆಂದದ್ದು, ವಾರಗಟ್ಟಲೆ ಕಡಿದ ಬೆತ್ತಕ್ಕೆ ನಾಲ್ಕು ದಿನದ ಅಕ್ಕಿ ಸಿಕ್ಕಿದ್ದು, ಇವೆಲ್ಲ ಇದ್ದವು. ಮಾತಿನ ಹಿಂದೆ ಯಾವಾಗಲೂ ಯಾರಾದರೂ ಕೆಮ್ಮುತ್ತಿದ್ದರು. ಆ ಕೆಮ್ಮನ್ನು ದುಭಾಷಿ ಅನುವಾದಿಸುತ್ತಿರಲಿಲ್ಲ, ಪೆನ್ನು ಕೆಳಗಿಟ್ಟು ಅದು ನಿಲ್ಲುವವರೆಗೆ ಕಾಯುತ್ತಿದ್ದರು.

ಹನ್ನೊಂದನೆಯ ಸ್ಪೂಲು ಹಾಕಿದ್ದು ಒಂದು ಮಂಗಳವಾರ, ಮಟಮಟ ಮಧ್ಯಾಹ್ನ. ನೋಟ್‌ಬುಕ್ಕು ನೋಡಿ, ಎಂದಿನಂತೆ ಮೈಕಿಗೆ ನಂಬರು ಹೇಳಿದೆ, ಸ್ಥಳ ಹೇಳಿದೆ, ಒಬ್ಬ ಗಂಡಸಿನ ಹೆಸರು ಹೇಳಿದೆ. ಗುಂಡಿ ಒತ್ತಿದೆ. ಬರೀ ಟೇಪಿನ ಸುಯ್ಯೆಂಬ ಸದ್ದು. ಆಮೇಲೆ ಬಹಳ ದೂರದಿಂದ, ಬೆಟ್ಟದ ಆಚೆಯಿಂದ ಬಂದಷ್ಟು ತೆಳ್ಳಗೆ, "ಓಯ್". ಎರಡು ಸೆಕೆಂಡು ಕಳೆದು ಅದೇ ದನಿ ಸ್ಪೀಕರಿನ ತುಂಬ, ಕೋಣೆಯೊಳಗೇ ನಿಂತಂತೆ, "ಓಯ್".

ದುಭಾಷಿ ಎದ್ದು ನಿಂತಿದ್ದರು. ಕುರ್ಚಿ ಹಿಂದಕ್ಕೆ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

"ನೀವ್ ಕರೆದ್ರಿ," ಎಂದರು. "ಮೊದ್ಲು ದೂರದಿಂದ ಓಗೊಟ್ಟ. ಆಮೇಲೆ ಹತ್ರ ಬಂದು ಓಗೊಟ್ಟ."

ನಾನು ಯಂತ್ರ ನಿಲ್ಲಿಸಿದೆ. ನಿಲ್ಲಿಸಿ, ದಡ್ಡಿಯ ಹಾಗೆ ವಿವರಿಸಲು ಹೊರಟೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ದನಿ ಮೇಲಿನ ಸುತ್ತಿಗೂ ತುಸು ಅಂಟಿಕೊಳ್ಳುತ್ತದೆ. ಬಿಸಿಲ ನಾಡಿನಲ್ಲಿ ಇಟ್ಟ ಟೇಪಿಗೆ ಅದು ಹೆಚ್ಚು. ಹಾಗಾಗಿ ಮಾತಿಗಿಂತ ಮೊದಲೇ ಮಾತಿನ ನೆರಳು ಕೇಳುತ್ತದೆ. ಮುದ್ರಿಸುವ ಮುನ್ನ ಸಂಶೋಧಕ ಆತನನ್ನು ಕೂಗಿರಬೇಕು, ಆ ಓಗೊಟ್ಟ ದನಿಯಿಂದಲೇ ಟೇಪು ಶುರುವಾಗಿದೆ. ಎಲ್ಲವೂ ಸರಿಯಾದ ವಿವರಣೆಯೇ. ನಾನು ಮುಗಿಸುವಷ್ಟರಲ್ಲಿ ಅವರು ಬಾಗಿಲಾಚೆ ಹೋಗಿಯಾಗಿತ್ತು. ಸ್ವೆಟರು ಬಿದ್ದ ಕುರ್ಚಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ನನಗೆ ಸಿಟ್ಟು ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಕೆಲಸ ಅರ್ಧದಲ್ಲಿ ಬಿಟ್ಟುಹೋಗುವವರನ್ನು ಕಂಡರೆ ನನಗಾಗದು. ಒಣಗಿಸಿದ ಟೇಪು ಕಾಯುವುದಿಲ್ಲವಲ್ಲ, ಒಬ್ಬಳೇ ಕೂತು ಪೂರ್ತಿ ಇಳಿಸಿದೆ. ಬಲು ಸ್ಪಷ್ಟವಾದ ದನಿ, ಅಲ್ಲಿಯವರೆಗೆ ಕೇಳಿದವುಗಳಲ್ಲಿ ಇಷ್ಟು ಚೊಕ್ಕಟವಾದದ್ದು ಇನ್ನೊಂದಿರಲಿಲ್ಲ. ಶುರುವಿನ ಆ ನೆರಳುದನಿ ತಗ್ಗಿಸಲು ಮೂರು ಸಲ ಹಿಂದಕ್ಕೆ ತಿರುಗಿಸಿ ಓಡಿಸಿದೆ. ಮೂರು ಸಲವೂ, "ಓಯ್" ಎಂದ ಕೂಡಲೇ, ಹೊರಗೆ ಟೈಲ್ಸ್ ಗೋದಾಮಿನ ನಾಯಿ ಬೊಗಳಿತು. ಹಿಂದಿನ ಟೇಪುಗಳಲ್ಲಿ ನಾಯಿಗಳೇ ಬೇಕಾದಷ್ಟು ಬೊಗಳಿದ್ದವು, ಆಗೆಲ್ಲ ಇದು ಕಿವಿಯನ್ನೂ ಅಲ್ಲಾಡಿಸಿರಲಿಲ್ಲ. ನಾಲ್ಕನೆಯ ಸಲ ಓಡಿಸಲು ನನಗೆ ಧೈರ್ಯವಾಗಲಿಲ್ಲ.

ಅಂದು ಸಂಜೆ ಮಗಳನ್ನು ಡೇಕೇರಿನಿಂದ ಕರೆದುಕೊಂಡು ಫ್ರೀವೇಯಲ್ಲಿ ಬರುತ್ತಿದ್ದೆ. ಹಿಂದಿನ ಸೀಟಿನಿಂದ ಅವಳು, "ಅಮ್ಮಾ, ಹೂ ಆರ್ ಯೂ ಕಾಲಿಂಗ್?" ಎಂದಳು. ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದೆನಂತೆ.

ಬುಧವಾರ ದುಭಾಷಿ ಬರಲಿಲ್ಲ, ಗುರುವಾರವೂ ಇಲ್ಲ. ಮ್ಯಾನೇಜರು ಬೇರೊಬ್ಬ ಫಿಲಿಪಿನೊ ಮಹಿಳೆಯನ್ನು ಕಳಿಸಿದರು. ಆಕೆ ಹೆಡ್‌ಫೋನು ಹಾಕಿಕೊಂಡು ಐದು ನಿಮಿಷ ಕೇಳಿ, ಇದು ತನ್ನ ಭಾಷೆಯೇ ಅಲ್ಲವೆಂದು ಎದ್ದರು. ಶುಕ್ರವಾರ ನಾನೇ ಸ್ವೆಟರು ಹಿಡಿದು ದುಭಾಷಿ ಕೆಲಸ ಮಾಡುವ ಮನೆಗೆ ಹೋದೆ. ಅವರು ಒಬ್ಬ ಅಜ್ಜನ ಗಾಲಿಕುರ್ಚಿಯನ್ನು ಹಿತ್ತಿಲ ಬಿಸಿಲಿಗೆ ತಂದು ನಿಲ್ಲಿಸಿ, ಪಕ್ಕದ ಬೆಂಚಿನಲ್ಲಿ ಕೂತರು. ಸ್ವೆಟರನ್ನು ಮಾತ್ರ ಮುಟ್ಟಲಿಲ್ಲ.

"ಅದು ನಮ್ಮಪ್ಪ," ಎಂದರು.

ಅವರ ಕಡೆ ಯಾರಾದರೂ ಸತ್ತರೆ ಹೂಳಿ, ಬೆಂಕಿಯ ಕೊಳ್ಳಿಯೊಂದನ್ನು ಎತ್ತಿಕೊಂಡು ಆ ಜಾಗ ಬಿಟ್ಟು ಹೋಗುತ್ತಾರೆ. ಸತ್ತವರ ಹೆಸರನ್ನು ಮತ್ತೆ ಯಾರೂ ಹೇಳುವುದಿಲ್ಲ. ಹೇಳಿದರೆ ಹೋಗುತ್ತಿರುವವರು ತಿರುಗಿ ನಿಲ್ಲುತ್ತಾರೆ. ಅಪ್ಪ ಜ್ವರದಲ್ಲಿ ತೀರಿಕೊಂಡಾಗಲೂ ಬಿಡಾರದವರು ಹೊಳೆ ದಾಟಿ ಹೋಗಿದ್ದರು. ಸುದ್ದಿ ಕೇಳಿ ಇವರು ಮಿಷನ್ ಶಾಲೆಯಿಂದ ಬಂದಿದ್ದರು. ನಾಲ್ಕು ದಿನದ ಮೇಲೆ ಸಂಶೋಧಕ ಹುಡುಕಿಕೊಂಡು ಬಂದ. ತಾನೂ ಅತ್ತ. ಮನೆಯವರಿಗೆ ಸಮಾಧಾನವಾಗಲಿ ಎಂದು ಯಂತ್ರ ತೆಗೆದು ಅಪ್ಪನ ದನಿ ಹಾಕಿದ.

"ಅಮ್ಮ ಅನ್ನದ್ ಮಡಕೆ ಒಲೆ ಮೇಲೇ ಬಿಟ್ಟು ಎದ್ಬಿಟ್ಳು. ಬಿರುಗಾಳಿ ಮಳೆ. ಮತ್ತೆ ನಡೆದ್ವಿ, ಮೂರು ದಿನ. ನನ್ ತಮ್ಮ ಇನ್ನೂ ಹಾಲು ಕುಡಿಯೋ ಕೂಸು. ಅವನಿಗೂ ಜ್ವರ ಬಂದಿತ್ತು." ಅಜ್ಜನ ಕಾಲಿನಿಂದ ಜಾರಿದ್ದ ಹೊದಿಕೆ ಸರಿಮಾಡಿದರು. "ಮೂರನೇ ದಿನ ಅವನನ್ನೂ ಹೂಳಿದ್ವಿ. ಮತ್ತೆ ಜಾಗ ಬಿಟ್ವಿ."

"ಸಂಶೋಧಕರಿಗೆ ಗೊತ್ತಾಯ್ತಾ?"

"ಆಮೇಲೆ ಗೊತ್ತಾಯ್ತು. ಅಮ್ಮನ ಮುಂದೆ ಕೂತು ಮಾತು ಕೊಟ್ಟ, ಆ ಟೇಪು ಹೊಳೆಗೆ ಹಾಕ್ತೀನಿ ಅಂತ. ಹಾಕಿದೀನಿ ಅಂತ್ಲೂ ಹೇಳಿದ. ಇಲ್ದಿದ್ರೆ ನಾನು ಈ ಕೆಲ್ಸಕ್ಕೆ ಬರ್ತಿದ್ನಾ?"

ನಾನು ಸ್ವೆಟರನ್ನು ಮಡಿಚಿ ಬೆಂಚಿನ ಮೇಲಿಟ್ಟೆ. ಅವರೇ ಕೇಳಿದರು: "ಅದು ಕಂಪ್ಯೂಟರ್‌ಗೆ ಹೋದ್ರೆ, ಯಾರ್ ಬೇಕಾದ್ರೂ ಒತ್ತಬಹುದಾ?"

"ಹೂಂ. ಎಲ್ಲಿಂದ ಬೇಕಾದ್ರೂ."

"ಹೆಸರೂ ಇರತ್ತಾ?"

"ಇರತ್ತೆ."

"ಹಾಗಾದ್ರೆ ಅವನು ಹೋಗೋದ್ ಯಾವಾಗ?" ಎಂದರು.

ಅಂಗಡಿಗೆ ಬಂದು ಸಂಶೋಧಕನ ನೋಟ್‌ಬುಕ್ಕು ತೆಗೆದೆ. ಆ ಸಾವುಗಳ ತಿಂಗಳ ಪುಟದಲ್ಲಿ ಎರಡೇ ಸಾಲು ಇದ್ದವು. "ಬಿಡಾರ ಮತ್ತೆ ಸ್ಥಳ ಬದಲಿಸಿತು, ಕೂಸು ತೀರಿಕೊಂಡಿತು. ಹನ್ನೊಂದನೆಯ ಟೇಪು ನನ್ನ ಬಳಿ ಸುರಕ್ಷಿತ." ಅಕ್ಷರ ಚೆನ್ನಾಗಿತ್ತು. ನನ್ನದೂ ಅಷ್ಟೇ ಚೆನ್ನಾದ ಅಕ್ಷರ, ಅದೇ ನಂಬರು, ಅದೇ ಹೆಸರು ಪಕ್ಕದಲ್ಲಿದ್ದ ನನ್ನ ಕ್ಯಾಟಲಾಗಿನಲ್ಲಿತ್ತು.

ಮ್ಯಾನೇಜರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಪೂರ್ತಿ ಕೇಳಿಸಿಕೊಂಡರು.

"ಮೇಡಂ, ನನಗೂ ಪಾಪ ಅನ್ಸತ್ತೆ. ಆದ್ರೆ ಹೋಮ್‌ಪೇಜಿಗೆ ಅದೇ ಕ್ಲಿಪ್ಪು ಅಂತ ಫಿಕ್ಸ್ ಆಗಿದೆ. ನೀವೇ ತಾನೆ ಅದೇ ಬೆಸ್ಟು ಅಂತ ಈಮೇಲ್ ಮಾಡಿದ್ದು?"

"ಹೌದು, ನಾನೇ."

"ಒಂದ್ ಕೆಲ್ಸ ಮಾಡಿ. ಡಿಲೀಟ್ ಮಾಡಿದೀವಿ ಅಂತ ಅವರಿಗೆ ಹೇಳ್ಬಿಡಿ. ಹೆಸರು ಚೇಂಜ್ ಮಾಡಿ ಹಾಕೋಣ. ಅವರೇನು ದಿನಾ ಕೂತು ಚೆಕ್ ಮಾಡ್ತಾರಾ?"

ತಕ್ಷಣ ಬೇಡವೆಂದೆ ಎಂದು ಬರೆಯಲು ಆಸೆಯಿದೆ. ಆದರೆ ಹಾಗಾಗಲಿಲ್ಲ. ಆ ಟೇಪು ನಾನು ಕೇಳಿದ್ದರಲ್ಲೆಲ್ಲ ಉತ್ತಮವಾದದ್ದು, ಉಳಿಸಿದ್ದು ನಾನು, ಮತ್ತೆಂದೂ ಸಿಗದು. ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟೆ. ನಮ್ಮಜ್ಜಿ ಬದುಕಿರುವವರೆಗೂ ತಾತನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕೈಲಿ ಹೇಳಿಸುತ್ತಿದ್ದಳು. ಅದನ್ನು ಅಣಕಿಸಿ ಕುಣಿದವಳೇ ನಾನು. ಒಂದು ಹೆಸರು ಹೇಳದೆ ಇಡೀ ಬಾಳನ್ನು ಬಾಳಿದ್ದರ ಭಾರ ಎಷ್ಟಿತ್ತೋ, ಆಗ ಗೊತ್ತಾಗಲಿಲ್ಲ.

ಆ ಕೋಣೆಯಲ್ಲಿ ಹತ್ತು ನಿಮಿಷ ಕೂತೆ. ಯಂತ್ರ ಆಫಾಗಿತ್ತು. ಹಾಡುಹಗಲು, ಕಿಟಕಿಯಲ್ಲಿ ಬಿಸಿಲು. ಆದರೂ ಯಾರೋ ಕರೆಸಿಕೊಂಡು ಬಂದು, ಏಕೆ ಕರೆದಿರಿ ಎಂದು ಕಾಯುತ್ತ ನಿಂತಿದ್ದಾರೆ ಎನ್ನಿಸಿತು. ಕುರ್ಚಿ ತಿರುಗಿಸಲು ಭಯವಾಯಿತು. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಆಗ ಅಲ್ಲಿ ಭಯಪಟ್ಟದ್ದು ನಿಜ, ಭಯಕ್ಕಿಂತ ಹೆಚ್ಚು ನಾಚಿಕೆಪಟ್ಟದ್ದೂ ನಿಜ.

ಮಾಲೀಕನ ಬಳಿ ಹೋಗಿ, ಈ ಕೋಣೆ ಖಾಲಿ ಮಾಡಬೇಕು ಎಂದೆ. ಅವನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ಯಂತ್ರ ಇಬ್ಬರು ಎತ್ತಲೂ ಕಷ್ಟಪಡುವಷ್ಟು ಭಾರ. ಜಾಗ ಬದಲಾದರೆ ಟೇಪು ಓದುವ ಹೆಡ್ಡುಗಳ ಓರೆಯನ್ನು ಪರೀಕ್ಷೆಯ ಟೇಪು ಹಾಕಿ ಮತ್ತೆ ಮೊದಲಿಂದ ಕೂರಿಸಬೇಕು. ವೈರುಗಳೆಲ್ಲ ಬಿಚ್ಚಿ ಜೋಡಿಸಬೇಕು. ಎರಡು ದಿನ ವ್ಯರ್ಥ. ವಾರದ ರಜೆಯಲ್ಲೇ ಮಾಡುತ್ತೇನೆ ಎಂದೆ. ಅಂಗಳದ ಆ ತುದಿಯಲ್ಲಿ ಸಾಮಾನು ತುಂಬಿದ ಒಂದು ಶೆಡ್ಡಿತ್ತು. ಶನಿವಾರ ಭಾನುವಾರ ಕೂತು ಗುಡಿಸಿ, ಗೋಡೆಗೆ ಕಂಬಳಿ ಹೊಡೆದು, ಯಂತ್ರವನ್ನು ಅಲ್ಲಿಗೆ ಸಾಗಿಸಿದೆವು. ಮಾಲೀಕ ಗೊಣಗಿದ, ಆದರೆ ಒಂದು ಬದಿ ಅವನೇ ಹಿಡಿದ.

ಸೋಮವಾರ ಮ್ಯಾನೇಜರಿಗೆ ಹೇಳಿದೆ: "ಹನ್ನೊಂದನೇ ಸ್ಪೂಲು ಅವರ ಮಗಳಿಗೆ ಕೊಡ್ತಿದೀನಿ. ನಾನು ಇಳಿಸಿದ್ದನ್ನ ಅವರ ಮುಂದೇನೇ ಅಳಿಸ್ತೀನಿ. ಸುಳ್ಳು ಹೇಳಲ್ಲ. ನಿಮ್ಗೆ ಬೇಕಾದ್ರೆ ಬೇರೆಯವ್ರಿಗೆ ಕೆಲ್ಸ ಕೊಡಿ, ಕೇಸ್ ಬೇಕಾದ್ರೂ ಹಾಕಿ."

ಆ ಕಡೆ ಕೀಬೋರ್ಡು ಒತ್ತುತ್ತಿದ್ದ ಸದ್ದು ನಿಂತಿತು. ಕೊನೆಗೆ, "ನೀವು ಹೇಳಿದ್ದು ನಂಗ್ ಕೇಳಿಸ್ಲಿಲ್ಲ, ಲೈನ್ ಸರಿ ಇಲ್ಲ," ಎಂದು ಫೋನಿಟ್ಟರು. ಆ ಉಪಕಾರವನ್ನು ನಾನು ಮರೆತಿಲ್ಲ.

ಮಾರನೇ ದಿನ ದುಭಾಷಿ ಬಂದರು. ಹಳೆಯ ಕೋಣೆಯ ಕಡೆ ನೋಡದೆ ಅಂಗಳ ಸುತ್ತಿ ಬಂದು ಶೆಡ್ಡಿನ ಹೊಸ್ತಿಲಲ್ಲಿ ನಿಂತರು. ಕಂಬಳಿ, ವೈರು, ನೆಲಕ್ಕೆ ಕೂರಿಸಿದ ಯಂತ್ರ ಎಲ್ಲ ನೋಡಿದರು. "ಜಾಗ ಬಿಟ್ರಾ?" ಎಂದರು. ಹೌದೆಂದೆ. ಕಂಪೆನಿಗೆ ಇನ್ನೂ ಕಳಿಸಿರದ ಕಡತವನ್ನು ಅವರ ಎದುರಿಗೇ ಅಳಿಸಿದೆ, ಅದರ ಇನ್ನೊಂದು ಪ್ರತಿಯಿದ್ದ ಕ್ಯಾಸೆಟ್ಟನ್ನು ಮುರಿದೆ, ಕ್ಯಾಟಲಾಗಿನ ಹೆಸರನ್ನು ಓದಲಾಗದಂತೆ ಕಪ್ಪು ಶಾಯಿಯಲ್ಲಿ ಹೊಡೆದುಹಾಕಿದೆ. ಕಲಿತ ವಿದ್ಯೆಯೆಲ್ಲ ಕೈ ಹಿಡಿದು ಜಗ್ಗಿತು.

ಸ್ಪೂಲನ್ನು ಅವರು ಕೈಯಿಂದ ಮುಟ್ಟಲಿಲ್ಲ. ನಾನೇ ಹಿಡಿದು ಅವರ ಜೊತೆ ಹೇವರ್ಡ್‌ನ ಕೊಲ್ಲಿಯ ದಂಡೆಗೆ ಹೋದೆ. ಗಾಳಿ ಜೋರಾಗಿತ್ತು. ಕಲ್ಲು ಕಟ್ಟಿ ಎಸೆದೆ, ಮುಳುಗಿತು. ಅವರು ತಮ್ಮ ಭಾಷೆಯಲ್ಲಿ ಎರಡೇ ಮಾತು ಹೇಳಿದರು. ಏನೆಂದು ನಾನು ಕೇಳಲಿಲ್ಲ, ಅವರೂ ಅನುವಾದಿಸಲಿಲ್ಲ. ತಿರುಗಿ ನೋಡದೆ ಬರಬೇಕೆಂದು ಹೇಳಿದರು, ಹಾಗೇ ಬಂದೆವು.

ಉಳಿದ ಎಂಟು ಸ್ಪೂಲುಗಳನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳಿ ಮುಗಿಸಿದೆವು. ಪ್ರತಿಯೊಂದಕ್ಕೂ ಅವರೇ ಮೊದಲು ಕೇಳಿ, ಯಾರು ಇದ್ದಾರೆ, ಯಾರು ಇಲ್ಲ ಎಂದು ಊರಿಗೆ ಫೋನು ಮಾಡಿ ತಿಳಿದುಕೊಂಡು ಹೇಳುತ್ತಿದ್ದರು. ಇದ್ದವರು ಮೂವರೇ. ಹಿಂದೆ ಇಳಿಸಿದ್ದ ಹತ್ತು ಸ್ಪೂಲುಗಳನ್ನೂ ಹಾಗೇ ಜಾಲಿಸಿದೆವು; ಅವುಗಳಲ್ಲಿದ್ದವರು ಬೇರೆ ಬಿಡಾರದವರು, ಇದ್ದಾರೋ ಇಲ್ಲವೋ ಎಂದು ಆಗ ಅವರಿಗೂ ತಿಳಿದಿರಲಿಲ್ಲ. ತೀರಿಹೋದವರ ಹೆಸರಿನ ಜಾಗದಲ್ಲಿ ಏನೂ ಬರೆಯದೆ ಬಿಟ್ಟೆ, ಅವರ ದನಿಯನ್ನು ವೆಬ್‌ಸೈಟಿಗೆ ಕಳಿಸಲಿಲ್ಲ.

ಹೋಮ್‌ಪೇಜಿಗೆ ತಕ್ಕ ದನಿಯೇ ಇಲ್ಲವೆಂದು ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತಾಗ ದುಭಾಷಿಯೇ ಹೇಳಿದರು, "ನಾನ್ ಮಾತಾಡ್ತೀನಿ. ನಾನ್ ಬದುಕಿದೀನಲ್ಲ." ಮಾಡು ಕಟ್ಟುವುದು ಹೇಗೆ ಎಂದು ತಮ್ಮ ಭಾಷೆಯಲ್ಲಿ ಹೇಳುವುದೆಂದಾಯಿತು. ಮೈಕು ಅವರ ಮುಂದೆ ಇಟ್ಟು, ಈ ಸಲ ಹೆಸರು ಹೇಳದೆ ಗುಂಡಿ ಒತ್ತಲು ಹೋದೆ. ಅವರು ತಡೆದರು.

"ಹೇಳಿ. ಇಲ್ಲಿ ಎಲ್ರೂ ನನ್ನ ಕೇರ್‌ಗಿವರ್ ಅಂತಾರೆ. ಮನೇಲಿ ಅಮ್ಮ ಅಂತಾರೆ. ನನ್ ಹೆಸರನ್ನ ಯಾರಾದ್ರೂ ಗಟ್ಟಿಯಾಗಿ ಕರೆದು ಎಷ್ಟ್ ವರ್ಷ ಆಯ್ತೋ." ಆಮೇಲೆ ಬೆರಳೆತ್ತಿ, "ಆದ್ರೆ ನಾನು ಹೋದ್ಮೇಲೆ ಬೇಡ," ಎಂದರು.

ನಾನು ಅವರ ಹೆಸರನ್ನು ಹೇಳಿದೆ. ಅವರು ಕಣ್ಣು ಮುಚ್ಚಿದರು. ಆಮೇಲೆ, "ಓಯ್," ಎಂದರು.

ವೆಬ್‌ಸೈಟ್ ತೆರೆಯಿತು. ಒಂದು ವರ್ಷ ತುಂಬುವ ಮೊದಲೇ ಕಂಪೆನಿ ಮುಚ್ಚಿ, ಸೈಟೂ ಮಾಯವಾಯಿತು. ಆ ಕಾಲದಲ್ಲಿ ಕಂಪೆನಿಯೊಂದು ಮುಳುಗಿತೆಂದು ನೆಮ್ಮದಿಪಟ್ಟವಳು ನಾನೊಬ್ಬಳೇ ಇರಬೇಕು. ದುಭಾಷಿ ಮಗನ ಜೊತೆ ಬೇರೆ ರಾಜ್ಯಕ್ಕೆ ಹೋದರು. ಕೆಲವು ವರ್ಷ ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು. ಕೊಟ್ಟಿದ್ದ ನಂಬರಿನಲ್ಲಿ ಈಗ ಬೇರೆ ಯಾರೋ ಇದ್ದಾರೆ. ದುಭಾಷಿಯ ಧ್ವನಿಯ ಒಂದು ಕ್ಯಾಸೆಟ್ಟು ನನ್ನ ಬಳಿ ಇದೆ. ಕೇಳಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಆದರೆ ಅದರ ಶುರುವಿಗೇ ನಾನು ಅವರನ್ನು ಹೆಸರು ಹಿಡಿದು ಕರೆಯುತ್ತೇನೆ. ಅವರು ಇದ್ದಾರೋ ಇಲ್ಲವೋ ನನಗೆ ತಿಳಿಯದು.